ಒಂದೇ ಸಾಲಿನ ಉಳುಮೆ

ಸಿಂಧನೂರಿನಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದ ನನ್ನ ಸೋದರಮಾವ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಒಂದು ತಗಡಿನ ಟ್ರಂಕು. ಹೊಲ, ಮನೆ ಅವರ ಮಕ್ಕಳು ಹಂಚಿಕೊಂಡಿದ್ದರು. ಆಂಪ್ಲಿಫೈಯರು ಎಂದೋ ಗುಜರಿಗೆ ಹೋಗಿತ್ತು. ಉಳಿದಿದ್ದ ಎರಡು ಹಾರ್ನುಗಳಲ್ಲಿ ಒಂದರೊಳಗೆ ಗುಬ್ಬಿ ಸಂಸಾರ ಹೂಡಿತ್ತು. ಟ್ರಂಕು ಯಾರಿಗೂ ಬೇಡವಾಗಿತ್ತು. ಅದರ ತುಂಬ ಪ್ಲೇಟುಗಳು.

ನಮ್ಮ ಕಡೆ ರೆಕಾರ್ಡಿಗೆ ಪ್ಲೇಟು ಅಂತಲೇ ಹೆಸರು. ಧ್ವನಿಮುದ್ರಿಕೆ ಎಂಬುದು ರೇಡಿಯೊದವರ ಮಾತು. ಮಾವ ಕನ್ನಡದವರ ಮದುವೆಗೆ ರಾಜ್‌ಕುಮಾರ್ ಪ್ಲೇಟು ಹಾಕುತ್ತಿದ್ದರು, ಕ್ಯಾಂಪಿನವರ ಮದುವೆಗೆ ಘಂಟಸಾಲ, ಉರುಸಿಗೆ ಕವ್ವಾಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳಿಗೆ ನಾವು ಕ್ಯಾಂಪು ಅನ್ನುತ್ತೇವೆ. ಅಲ್ಲಿಯ ಗುಡಿಯ ಮೇಲಿನ ಹಾರ್ನಿನಲ್ಲಿ ಬೆಳಗಿನ ಜಾವ ಘಂಟಸಾಲರ ಭಗವದ್ಗೀತೆ ಸುರುವಾದರೆ ದಢೇಸುಗೂರಿನ ನಮ್ಮ ಹೊಲದಲ್ಲಿ ನೀರು ಕಟ್ಟುವವರಿಗೆ ಅದೇ ಗಡಿಯಾರ. ಅಂಥ ಸದ್ದಿನ ನಡುವೆ ಬೆಳೆದವನಿಗೆ ಆ ಟ್ರಂಕನ್ನು ಮುಚ್ಚಿಟ್ಟು ಮಲಗುವುದು ಆಗಲಿಲ್ಲ. ಪ್ಲೇಟು ಇದ್ದವು, ತಿರುಗಿಸುವ ಯಂತ್ರ ಇರಲಿಲ್ಲ.

ಯಾರನ್ನು ಕೇಳಿದರೂ ಮೊದಲು ಯಂತ್ರದ ಹೆಸರು ಹೇಳಿದರು. ಇದು ಒಳ್ಳೆಯದು, ಅದು ಬೇಡ, ಅವರ ಭಾವನ ಮನೆಯಲ್ಲಿ ಮತ್ತೊಂದು ಇದೆ. ಒಬ್ಬನೂ ‘ನಿನ್ನ ಟ್ರಂಕಿನಲ್ಲಿ ಏನಿದೆ?’ ಎಂದು ಕೇಳಲಿಲ್ಲ. ನಮ್ಮೂರಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ್ದು. ಊರವರ ಬಾಯಲ್ಲಿ ಅದು ಬರೀ ‘ಫಾರ್ಮು’. ಅಲ್ಲಿಗೆ ಹೋಗಿ ‘ಯಾವ ಬೀಜ ಚಲೋ?’ ಎಂದು ಕೇಳಿದರೆ ಅವರು ಮೊದಲು ಕೇಳುವುದು ಹೊಲ ಎರೆಯೋ ಮಸಾರಿಯೋ, ನೀರು ಯಾವಾಗ ಬರುತ್ತದೆ ಅಂತ. ಅಷ್ಟು ತಿಳಿದಿದ್ದೂ ನಾನು ಎಡವಿದೆ. ಮೊಬೈಲಿನಲ್ಲಿ ನೋಡಿ, ಸೂಟ್‌ಕೇಸಿನಂಥ ಚೆಂದದ ಪೆಟ್ಟಿಗೆಯೊಂದನ್ನು ತರಿಸಿದೆ. ಕೆಂಪು ಬಣ್ಣ, ಹಿತ್ತಾಳೆ ಬಣ್ಣದ ಮೂಲೆಗಳು, ಒಳಗೇ ಸ್ಪೀಕರು. ಅದರ ಹೆಸರು ಬೇಡ, ಅಂಥವು ಹತ್ತಾರು ಹೆಸರಿನಲ್ಲಿ ಬರುತ್ತವೆ.

ಮೊದಲ ಹಾಡಿಗೇ ಅದರ ಬಣ್ಣ ಬಯಲಾಯಿತು. ಪ್ಲೇಟು ಕೂರುವ ತಟ್ಟೆ ಊಟದ ತಟ್ಟೆಗಿಂತ ಚಿಕ್ಕದು, ಪ್ಲಾಸ್ಟಿಕ್ಕಿನದು, ಹಗುರ. ಸ್ಪೀಕರು ಅದೇ ಪೆಟ್ಟಿಗೆಯೊಳಗೆ ಇದ್ದುದರಿಂದ ತಬಲಾ ಜೋರಾದ ಕೂಡಲೇ ಪೆಟ್ಟಿಗೆ ನಡುಗುತ್ತಿತ್ತು, ಆ ನಡುಕಕ್ಕೆ ಮುಳ್ಳು ಹಾರುತ್ತಿತ್ತು. ಮುಳ್ಳಿನ ಭಾರ ಇಳಿಸಲು ಹಿಂದೆ ತೂಕದ ಬಿಲ್ಲೆಯೇ ಇಲ್ಲ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್ಜಿನ ಮುಳ್ಳು ಪ್ಲೇಟಿನ ಮೇಲೆ ಸುಮಾರು 2 ಗ್ರಾಂ ಒತ್ತುತ್ತದೆ, ಅಕ್ಕಸಾಲಿಗರ ಲೆಕ್ಕದಲ್ಲಿ ಹದಿನಾರು ಹದಿನೇಳು ಗುಲಗಂಜಿ. ಇಂಥ ಅಗ್ಗದ ಪೆಟ್ಟಿಗೆಗಳ ಸೆರಾಮಿಕ್ ಮುಳ್ಳು ಅದರ ಎರಡು ಮೂರು ಪಟ್ಟು ಭಾರ ಹೇರುತ್ತದೆ. ಹದ ಮೀರಿ ಒತ್ತಿದ ನೇಗಿಲಿನಂತೆ ಅದು ಸಾಲನ್ನೇ ಕೀಳುತ್ತದೆ.

ಸಾಲು ಎಂದೆನಲ್ಲ, ಈ ಹುಚ್ಚು ನನಗೆ ಹಿಡಿದದ್ದೇ ಅದರಿಂದ. ಪ್ಲೇಟಿನ ಮೇಲೆ ನೂರಾರು ಗೆರೆಗಳಿವೆ ಎಂದು ಚಿಕ್ಕವನಿದ್ದಾಗ ತಿಳಿದಿದ್ದೆ. ಇರುವುದು ಒಂದು ಬದಿಗೆ ಒಂದೇ ಸಾಲು. ಹೊಲದ ಬದುವಿನಿಂದ ಹೂಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನೇಗಿಲು ಎತ್ತಿದಂತೆ. ನಿಮಿಷಕ್ಕೆ 33⅓ ಸುತ್ತಿನ ವೇಗದ ಎಲ್‌ಪಿ ಪ್ಲೇಟು 20 ನಿಮಿಷ ಹಾಡಿದರೆ ಆ ಸಾಲು 660ಕ್ಕಿಂತ ಹೆಚ್ಚು ಸುತ್ತು ತಿರುಗಿರುತ್ತದೆ. ಮುಳ್ಳು ಆ ಸಾಲಿನ ಎರಡೂ ಗೋಡೆಗಳನ್ನು ಸವರುತ್ತ ಹೋಗುತ್ತದೆ. ಸ್ಟೀರಿಯೊ ಪ್ಲೇಟಿನಲ್ಲಿ ಎಡಗೋಡೆ ಒಂದು ಕಿವಿಗೆ, ಬಲಗೋಡೆ ಇನ್ನೊಂದು ಕಿವಿಗೆ. ಗೋಡೆಯ ಮೇಲಿನ ಆ ಸಣ್ಣ ಏರಿಳಿತವೇ ಹಾಡು.

ಕೆಂಪು ಪೆಟ್ಟಿಗೆಯನ್ನು ತಂಗಿಯ ಮಗಳ ಗೊಂಬೆಗಳಿಗೆ ಬಿಟ್ಟುಕೊಟ್ಟೆ. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಪಡಸಾಲೆಯಲ್ಲಿ ಜಮಖಾನ ಹಾಸಿ ಟ್ರಂಕು ಬರಿದು ಮಾಡಿ ಎಣಿಸಿದೆ. ಏಳಿಂಚಿನ 45ರ ಇಪಿಗಳು 43, ಬಹುತೇಕ ಸಿನಿಮಾದವು. ಎಲ್‌ಪಿಗಳು 9. ತಳದಲ್ಲಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ದಪ್ಪನೆಯ, ಭಾರದ, 78ರ ವೇಗದವು 11. ಅವುಗಳಲ್ಲಿ ಎರಡು ಮಲ್ಲಿಕಾರ್ಜುನ ಮನ್ಸೂರರವು, ನಾಯಿ ಮಾರ್ಕಿನವು.

ಆ ಹನ್ನೊಂದು ಪ್ಲೇಟುಗಳೇ ನನ್ನ ಯಂತ್ರವನ್ನು ಆರಿಸಿದವು. ಈಗ ಬರುವ ಮೊದಲ ಮೆಟ್ಟಿಲಿನ ಯಂತ್ರಗಳು ಹೆಚ್ಚಿನವು 33 ಮತ್ತು 45ಕ್ಕೆ ನಿಲ್ಲುತ್ತವೆ. ಆಡಿಯೊ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಅಂಥದು. ಗುಂಡಿ ಒತ್ತಿದರೆ ತಾನೇ ಮುಳ್ಳು ಇಡುತ್ತದೆ, ಮುಗಿದರೆ ತಾನೇ ಎತ್ತುತ್ತದೆ, ದುಡ್ಡೂ ಕಡಿಮೆ. ಬರೀ ಇಪಿ, ಎಲ್‌ಪಿ ಇದ್ದವರು ಅದನ್ನು ಕೊಂಡು ಸುಖವಾಗಿರಬಹುದು. ನನ್ನದು ಹಾಗಲ್ಲ. 78ಕ್ಕೆ ಯಂತ್ರದಲ್ಲಿ ಆ ವೇಗ ಇದ್ದರಷ್ಟೇ ಸಾಲದು, ಮುಳ್ಳೂ ಬೇರೆ ಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದಾಗ ಸಾಲನ್ನು ಬಹಳ ಕಿರಿದು ಮಾಡಿತು. ಅದಕ್ಕೂ ಹಿಂದಿನ 78ರ ಸಾಲು ಸುಮಾರು ಮೂರು ಪಟ್ಟು ಅಗಲ. ಎಲ್‌ಪಿ ಮುಳ್ಳನ್ನು ಅದರೊಳಗೆ ಬಿಟ್ಟರೆ ದೊಡ್ಡ ಕಾಲುವೆಗೆ ಇಳಿದ ಆಡಿನ ಮರಿಯಂತೆ ತಳದ ಕೆಸರಿನಲ್ಲೇ ಓಡಾಡುತ್ತದೆ, ಕೇಳುವುದು ಬರೀ ಕರಕರ.

78ರವು ಪ್ಲಾಸ್ಟಿಕ್ಕಿನವಲ್ಲ, ಅರಗಿನವು. ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿದವು. ಕೈ ಜಾರಿದರೆ ಹಪ್ಪಳ. ಪಾಂಡವರ ಅರಗಿನ ಮನೆ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು, ಮಾವನ ಅರಗಿನ ಪ್ಲೇಟು ರಾಯಚೂರು ಜಿಲ್ಲೆಯ ಅಷ್ಟು ಬೇಸಿಗೆ ದಾಟಿ ಬಂದಿವೆ. ಒಂದು ಬದಿಗೆ ಸುಮಾರು 3 ನಿಮಿಷ. ಆ ಮೂರು ನಿಮಿಷದಲ್ಲಿ ಆಲಾಪ, ಚೀಜು, ತಾನು ಎಲ್ಲ ಮುಗಿಸಬೇಕಿತ್ತು. ಮುಗಿಸುತ್ತಿದ್ದರು ಅನ್ನುವುದೇ ಸೋಜಿಗ. 1930ರ ದಶಕದ ಆರಂಭದಲ್ಲಿ ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಪ್ಲೇಟು ಕೇಳಿದ ಹುಡುಗನೊಬ್ಬ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಅವನು ಭೀಮಸೇನ ಜೋಶಿ. ಮೂರು ನಿಮಿಷದ ಪ್ಲೇಟಿಗೆ ಅಷ್ಟು ಬಲ ಇತ್ತು. ಆ ಅಂಗಡಿಯವನ ಯಂತ್ರ ಎಂಥದಿತ್ತೋ, ಕೀಲಿ ಕೊಡುವ ಹಾರ್ನಿನದೇ ಇರಬೇಕು. ಅದನ್ನು ನೆನೆದಾಗಲೆಲ್ಲ ಯಂತ್ರದ ಬಗ್ಗೆ ನಾನು ಮಾಡುವ ಈ ಎಲ್ಲ ಚೌಕಾಸಿಗೆ ಸ್ವಲ್ಪ ನಾಚಿಕೆಯಾಗುತ್ತದೆ.

ಆದರೂ ಚೌಕಾಸಿ ಬಿಡಲಿಲ್ಲ. ಸಿಂಧನೂರಿನ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರು ಹಳೆಯ ಪ್ಲೇಯರ್ ಒಂದನ್ನು ಎರವಲು ಕೊಟ್ಟರು. ಹಿಂದೆ ಉಳ್ಳವರ ಮನೆಗಳಲ್ಲಿ ಎಚ್‌ಎಂವಿಯ ಫಿಯೆಸ್ಟಾ, ಕ್ಯಾಲಿಪ್ಸೊ ಪೆಟ್ಟಿಗೆಗಳಿದ್ದವಲ್ಲ, ಆ ಕಾಲದ ವಸ್ತು. ನಾಲ್ಕು ವೇಗ, ಮುಳ್ಳು ತಿರುವಿದರೆ 78ಕ್ಕೆ ಬೇರೆ ತುದಿ. ಕೇಳುವುದಕ್ಕೆ ಹಿತವಾಗಿತ್ತು. ಆದರೆ ಅದರ ಮೋಟರು ನೇರ ಮನೆಯ ಕರೆಂಟಿನ ಮೇಲೆ ಓಡುವಂಥದು. ನಮ್ಮಲ್ಲಿ ಬೇಸಿಗೆ ಬೆಳೆಗೆ ನೀರೆತ್ತುವ ಮೋಟರುಗಳೆಲ್ಲ ಒಟ್ಟಿಗೆ ಸುರುವಾದರೆ ಮನೆಯ ಬಲ್ಬು ಕೆಂಪಗಾಗುತ್ತದೆ. ಹಾಗಾದ ಒಂದು ಸಂಜೆ ರಾಜ್‌ಕುಮಾರರ ದನಿ ಮೆಲ್ಲಗೆ ಕುಸಿಯತೊಡಗಿತು. ಒಲೆಯ ಮುಂದಿದ್ದ ಅವ್ವ ಕೂಗಿ ಕೇಳಿದಳು:

“ಯಪ್ಪಾ, ಅಂವಗ ಜ್ವರಾ ಬಂದಾವೇನು? ಹಿಂಗ್ಯಾಕ ಎಳಿಯಾಕತ್ತಾನ?”

ಹೀಗಾಗಿ ಎರಡನೆಯ ಪಾಠ: ಯಂತ್ರ ನಮ್ಮೂರ ಕರೆಂಟಿಗೆ ಹೊಂದಬೇಕು. ಅಮೆರಿಕದಲ್ಲಿರುವ ಗೆಳೆಯನೊಬ್ಬ ತನ್ನ ಹಳೆಯ ಟರ್ನ್‌ಟೇಬಲ್ ಕೊಡುತ್ತೇನೆ, ಟ್ರಾನ್ಸ್‌ಫಾರ್ಮರ್ ಹಾಕಿಕೋ ಅಂದ. ಟ್ರಾನ್ಸ್‌ಫಾರ್ಮರು 230 ವೋಲ್ಟನ್ನು 110 ಮಾಡೀತು, 50 ಹರ್ಟ್ಸನ್ನು 60 ಮಾಡದು. ಹಳೆಯ ಸಿಂಕ್ರೊನಸ್ ಮೋಟರು ತಿರುಗುವುದು ಹರ್ಟ್ಸಿನ ಲೆಕ್ಕದಲ್ಲಿ. ಅಲ್ಲಿ 33⅓ ತಿರುಗುವ ತಟ್ಟೆ ಇಲ್ಲಿ 28 ಸುತ್ತನ್ನೂ ಮುಟ್ಟುವುದಿಲ್ಲ. ಗಂಗೂಬಾಯಿ ಹಾನಗಲ್ ಅವರ ಗಂಭೀರ ದನಿ ಪಾತಾಳಕ್ಕೇ ಇಳಿದೀತು. ಬೇಡಪ್ಪಾ ಅಂದೆ. ನನಗೆ ಬೇಕಾಗಿದ್ದು ಅಡಾಪ್ಟರಿನಿಂದ ಡಿಸಿ ತೆಗೆದುಕೊಂಡು, ಕ್ವಾರ್ಟ್ಜ್ ಹರಳಿನ ಲೆಕ್ಕಕ್ಕೆ ವೇಗ ಹಿಡಿಯುವ ಮೋಟರು. ಕೈಗಡಿಯಾರದಲ್ಲಿ ಇರುವುದೂ ಅದೇ ಹರಳು. ಊರೆಲ್ಲ ನೀರೆತ್ತಿದರೂ ಅದು ತನ್ನ ಹೆಜ್ಜೆ ತಪ್ಪುವುದಿಲ್ಲ.

ಬೆಲ್ಟಿನದು ಚಲೋ, ಮೋಟರೇ ತಟ್ಟೆಯನ್ನು ನೇರ ತಿರುಗಿಸುವ ಡೈರೆಕ್ಟ್ ಡ್ರೈವಿನದು ಡಿಜೆಗಳಿಗೆ ಅಂತ ವಾದ ಮಾಡುವವರಿದ್ದಾರೆ. ಬೆಲ್ಟು ಮೋಟರಿನ ನಡುಕವನ್ನು ತಟ್ಟೆಗೆ ಬಿಡುವುದಿಲ್ಲ ಎಂಬುದು ನಿಜ. ಆದರೆ ಆ ರಬ್ಬರು ನಮ್ಮ ಬೇಸಿಗೆಯಲ್ಲಿ ಎಷ್ಟು ದಿನ ಬಾಳೀತು, ಹರಿದರೆ ಹೊಸದನ್ನು ಯಾವ ಪೇಟೆಯಲ್ಲಿ ಹುಡುಕಲಿ? ನಾನು ಡೈರೆಕ್ಟ್ ಡ್ರೈವಿನದನ್ನೇ ಆರಿಸಿದೆ: ಆಡಿಯೊ-ಟೆಕ್ನಿಕಾದ ಎಲ್‌ಪಿ120ಎಕ್ಸ್. ಮೂರೂ ವೇಗ ಇದೆ, ತೂಕದ ಬಿಲ್ಲೆ ಇದೆ, ಮುಳ್ಳನ್ನು ಬಿಚ್ಚಿ 78ರದನ್ನು ಸಿಕ್ಕಿಸಬಹುದು, ಪ್ಲೇಟಿನ ಮೆಲುದನಿಯನ್ನು ಏರಿಸುವ ಫೋನೊ ಪ್ರಿಆಂಪ್ ಒಳಗೇ ಇದೆ, ವೇಗವನ್ನು ಚೂರು ಏರಿಸಿ ಇಳಿಸುವ ಪಟ್ಟಿಯೂ ಇದೆ. ಆ ಪಟ್ಟಿ ಆಟಕ್ಕಲ್ಲ. ತೀರ ಹಳೆಯ 78ರ ಪ್ಲೇಟುಗಳು ಸರಿಯಾಗಿ 78ಕ್ಕೆ ಮುದ್ರಣವಾದವಲ್ಲ, ಒಂದೊಂದು ಕಂಪನಿಯದು ಒಂದೊಂದು ವೇಗ. ಕಿವಿಗೆ ಶ್ರುತಿ ಸರಿ ಅನ್ನಿಸುವವರೆಗೆ ಸರಿಸಿಕೊಳ್ಳಬೇಕು. ಸ್ಪೀಕರು ಸೇರಿ ಆದ ಖರ್ಚು ಒಂದು ಎಕರೆ ಭತ್ತಕ್ಕೆ ಸುರಿಯುವಷ್ಟು. ಅವ್ವನಿಗೆ ಅರ್ಧ ಹೇಳಿದ್ದೇನೆ.

ಯಂತ್ರ ಬಂದ ಮೇಲೆ ನೆಲ ತಕರಾರು ತೆಗೆಯಿತು. ನಮ್ಮ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲಿನ ಮನೆಯ ನೆಲವೂ ಅದರ ಮರ್ಜಿಗೆ ಬಿದ್ದದ್ದು. ಟೇಬಲ್ಲಿನ ಮೇಲಿಟ್ಟರೆ ತಟ್ಟೆ ಓರೆ. ಕಟಾವಿನ ಮಷೀನು ರಸ್ತೆಯಲ್ಲಿ ಹೋದರೆ ಮುಳ್ಳು ಎರಡು ಸುತ್ತು ದಾಟಿ ಬೀಳುತ್ತಿತ್ತು. ಕೊನೆಗೆ ಗೌಂಡಿಯನ್ನು ಕರೆದು ಗೋಡೆಗೆ ಕಡಪಾ ಕಲ್ಲಿನ ಹಲಗೆ ಕೂರಿಸಿದೆ. ಅವನ ಲೆವೆಲ್ಲಿನ ಗಾಜಿನ ನಳಿಗೆಯಲ್ಲಿ ಗುಳ್ಳೆ ನಟ್ಟ ನಡುವೆ ನಿಲ್ಲುವ ತನಕ ಬಿಡಲಿಲ್ಲ. ‘ಇದರ ಮ್ಯಾಲೆ ಯಾವ ದೇವ್ರು ಇಡ್ತೀರಿ ಅಣ್ಣಾರ?’ ಅಂತ ಕೇಳಿದ. ಸ್ಪೀಕರುಗಳಿಗೆ ಬೇರೆ ಗೋಡೆ.

ಆಮೇಲಿನ ಕೆಲಸ ನನಗೆ ಹಾಡಿಗಿಂತ ಇಷ್ಟ. ಬಿಲ್ಲೆಯನ್ನು ತಿರುವುತ್ತ ಮುಳ್ಳಿನ ಕೈಯನ್ನು ಗಾಳಿಯಲ್ಲಿ ತೇಲಿಸಬೇಕು, ತಕ್ಕಡಿಯ ಎರಡೂ ಬದಿ ಸಮ ಆದಂತೆ. ಅಲ್ಲಿಗೆ ಸೊನ್ನೆ. ಅಲ್ಲಿಂದ ಎರಡರ ಅಂಕಿಗೆ ತಿರುಗಿಸಿದರೆ 2 ಗ್ರಾಂ. ಬೆರಳು ಬಿಗಿಯಾದರೆ ತಪ್ಪುತ್ತದೆ, ಉಸಿರು ಬಿಟ್ಟರೂ ಕೈ ಅಲುಗುತ್ತದೆ. ವೇಗ ನೋಡಲು 180 ಗೆರೆಗಳ ಒಂದು ಕಾಗದದ ಬಿಲ್ಲೆ ಮಾಡಿಕೊಂಡಿದ್ದೇನೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದರಡಿ ತಟ್ಟೆ ಸರಿಯಾಗಿ 33⅓ ತಿರುಗಿದರೆ ಗೆರೆಗಳು ನಿಂತಂತೆ ಕಾಣುತ್ತವೆ. ಯಂತ್ರದ ಅಂಚಿನಲ್ಲೇ ಅಂಥ ದೀಪ, ಚುಕ್ಕೆ ಇವೆ, ಈ ಕಾಗದ ಬೇಕಿರಲಿಲ್ಲ. ಮಾಡಿಕೊಂಡೆ, ಅಷ್ಟೇ.

ತೊಳೆಯುವುದು ಇನ್ನೊಂದು ಹಬ್ಬ. ಭತ್ತದ ಹೊಟ್ಟು, ಹತ್ತಿಯ ನವಿರು ಊರಲ್ಲೆಲ್ಲ ಹಾರುವಾಗ ಮುಳ್ಳಿಗೆ ಗಡ್ಡ ಬೆಳೆಯುತ್ತದೆ. ಪ್ಲೇಟನ್ನು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿನಲ್ಲಿ, ಎರಡು ಹನಿ ಸೋಪು ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಸಾಲು ಹಿಡಿದೇ ಒರೆಸಬೇಕು, ಅಡ್ಡಡ್ಡ ಅಲ್ಲ. ಬೋರಿನ ನೀರು ಬಳಸಿದರೆ ಸುಣ್ಣ ಸಾಲಿನಲ್ಲೇ ಕೂರುತ್ತದೆ. ಅರಗಿನ ಪ್ಲೇಟಿಗೆ ಮಾತ್ರ ಸ್ಪಿರಿಟು ಸೋಕಿಸಬಾರದು, ಅರಗು ಕರಗಿಹೋಗುತ್ತದೆ.

ಎಲ್ಲ ಸಜ್ಜಾದ ರಾತ್ರಿ ಮೊದಲು ಹಾಕಿದ್ದು ಮನ್ಸೂರರನ್ನಲ್ಲ. 78ರ ಮುಳ್ಳು ಇನ್ನೂ ಬಂದಿರಲಿಲ್ಲ. 1972ರ ‘ಬಂಗಾರದ ಮನುಷ್ಯ’ದ ಇಪಿ ಹಾಕಿದೆ, ಜಿ.ಕೆ. ವೆಂಕಟೇಶ್ ಸಂಗೀತದ್ದು. ಒಕ್ಕಲುತನದ ಸಿನಿಮಾ, ಒಕ್ಕಲಿಗರ ಮನೆ, ಸರಿಹೋಗುತ್ತದೆ ಅಂತ. ಕರಕರದ ಹಿಂದಿನಿಂದ ದನಿ ಎದ್ದು ಬಂತು, ಎಳೆತ ಇಲ್ಲ, ಜ್ವರ ಇಲ್ಲ. ಅವ್ವ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು. ಕಣ್ಣಲ್ಲಿ ನೀರು ಬಂದೀತು ಎಂದು ನಾನು ಕಾದೆ.

“ಇದ ಪ್ಲೇಟು. ನನ್ನ ಮದ್ವಿಯೊಳಗ ಊಟಾ ಮುಗಿಯೂತನಕ ನಿಮ್ಮ ಮಾವ ಇದೊಂದನ್ನ ಹಾಕಿದ್ದ. ಸಾಕಾಗಿ ಹೋಗಿತ್ತು. ತೆಗಿ, ಬ್ಯಾರೇದು ಹಾಕು.”

ತೆಗೆದು ಬೇರೆಯದು ಹಾಕಿದೆ. ಹದಿನೈದು ದಿನದ ಮೇಲೆ 78ರ ಮುಳ್ಳು ಬಂತು. ಆ ಪ್ಲೇಟುಗಳನ್ನು ದಿನಕ್ಕೆ ಒಂದೇ ಬದಿ ಕೇಳುತ್ತೇನೆ, ಊಟವಾದ ಮೇಲೆ, ಹೊಲದ ಮೋಟರು ನಿಂತು ಊರು ತಣ್ಣಗಾದಾಗ.

ನಿಮ್ಮ ಅಟ್ಟದ ಮೇಲೆ, ಮಂಚದ ಕೆಳಗೆ ಇಂಥ ಟ್ರಂಕು ಇದ್ದರೆ ಗುಜರಿಯವನು ಬರುವ ಮುಂಚೆ ತೆಗೆದು ನೋಡಿ. ಒಂದರ ಮೇಲೊಂದು ಪೇರಿಸಿದ್ದರೆ ಇಂದೇ ಎತ್ತಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಗೋಡೆಗೆ ಇಡಿ. ಯಂತ್ರ ಆಮೇಲೆ ನೋಡೋಣ.