ಕಾಣೋಕೊಂದು, ಕಾಣಿಸಿಕೊಳ್ಳೋಕೊಂದು

ಹಾಸ್ಟೆಲ್‌ನಲ್ಲಿ ಸೈಕಲ್ ಇಟ್ಟುಕೊಂಡಿರುವ ನಾವು ಐದು ಜನ. ಲ್ಯಾಬು, ರೆಕಾರ್ಡು, ಇಂಟರ್ನಲ್ಸು ಅಂತ ಎಲ್ಲ ಮುಗಿಸಿ ಹೊರಡುವಷ್ಟರಲ್ಲಿ ರಾತ್ರಿ ಒಂಬತ್ತಾಗಿರುತ್ತದೆ. ಹಿಂದಿನ ಗೇಟಿನಿಂದ ಟೀ ಅಂಗಡಿಗೆ ಎರಡು ಕಿಲೋಮೀಟರ್. ಬೀದಿದೀಪ ಇರೋದು ಮೊದಲ ಇನ್ನೂರು ಮೀಟರಿಗೆ ಮಾತ್ರ. ಆಮೇಲೆ ಕತ್ತಲು, ಹಂಪು, ಗುಂಡಿ.

"ಲೈಟ್ ಯಾಕ್ರೋ, ರೋಡು ಬಾಯಿಪಾಠ ಆಗಿದೆ" ಅನ್ನುವವರು ನಮ್ಮಲ್ಲೂ ಇದ್ದಾರೆ. ರೋಡು ನಮಗೆ ಗೊತ್ತು, ಸರಿ. ಹಿಂದಿನಿಂದ ಬರುವವರಿಗೆ ನಾವಿರೋದು ಗೊತ್ತಾ? ಕಳೆದ ಸೆಮಿಸ್ಟರಿನಲ್ಲಿ ನಮ್ಮ ಜೂನಿಯರ್ ಒಬ್ಬನ ಹ್ಯಾಂಡಲ್‌ಗೆ ಬೈಕೊಂದು ಸವರಿಕೊಂಡು ಹೋಯಿತು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಬೈಕಿನವರು ವಾಪಸ್ ಬಂದು ಹೇಳಿದ್ದು ಒಂದೇ ಮಾತು: "ಕಾಣಿಸ್ಲೇ ಇಲ್ಲ ಕಣಪ್ಪಾ."

ಅವತ್ತು ರೂಮಿನಲ್ಲಿ ಕೂತು ಲೆಕ್ಕ ಹಾಕಿದೆವು. ಬೈಕು ಗಂಟೆಗೆ 60 ಕಿ.ಮೀ., ಸೈಕಲ್ಲು 15. ನಡುವಿನ ಅಂತರ ಸೆಕೆಂಡಿಗೆ 12.5 ಮೀಟರಿನಂತೆ ಕರಗುತ್ತದೆ. 30 ಮೀಟರ್ ಹತ್ತಿರ ಬಂದಮೇಲೆ ನಾವು ಕಂಡರೆ ಅವರಿಗೆ ಸಿಗೋದು 2.4 ಸೆಕೆಂಡು. 100 ಮೀಟರ್ ದೂರದಿಂದಲೇ ಕಂಡರೆ 8 ಸೆಕೆಂಡು. ಈ ವ್ಯತ್ಯಾಸ ತರೋದು ಸೀಟಿನ ಕೆಳಗಿನ ಒಂದು ಪುಟ್ಟ ಕೆಂಪು ದೀಪ. ಹಾಗಾಗಿ ಕೈಯಲ್ಲಿರೋ ಕಾಸು ಒಂದೇ ಲೈಟಿಗೆ ಸಾಲುತ್ತದೆ ಅಂದರೆ, ನಮ್ಮ ವೋಟು ಹಿಂದಿನ ಲೈಟಿಗೆ. ಬ್ಯಾಗು, ಜಾಕೆಟ್ಟು ಅದನ್ನು ಮುಚ್ಚದ ಹಾಗೆ ಕಟ್ಟಿ. ಪೆಡಲ್ಲಿನ ರಿಫ್ಲೆಕ್ಟರನ್ನು ಕೀಳಬೇಡಿ; ಮೇಲೆ ಕೆಳಗೆ ಆಡುವುದರಿಂದ ಅದು ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಬೇರೆಯವರ ಬೆಳಕು ಬಿದ್ದರೆ ಮಾತ್ರ ಅದು ಹೊಳೆಯೋದು, ಲೈಟಿನ ಬದಲಿಗೆ ಆಗಲ್ಲ.

ಇನ್ನು ಮುಂದಿನ ಲೈಟು. ಡಬ್ಬದ ಮೇಲಿನ ಲೂಮೆನ್ ನೋಡಿ ಮರುಳಾಗಬೇಡಿ. ಲೂಮೆನ್ ಅಂದರೆ ದೀಪದಿಂದ ಹೊರಡುವ ಒಟ್ಟು ಬೆಳಕು. ರಸ್ತೆಯ ಮೇಲೆ ಎಷ್ಟು ಬೀಳುತ್ತದೆ ಅನ್ನೋದು ಲಕ್ಸ್. ಟಾರ್ಚಿನಂಥ ದುಂಡು ಬೆಳಕಿನಲ್ಲಿ ಅರ್ಧ ಮರಕ್ಕೂ ಆಕಾಶಕ್ಕೂ ಹೋಗುತ್ತದೆ, ಉಳಿದದ್ದರಲ್ಲಿ ಒಂದಿಷ್ಟು ಎದುರಿನವರ ಕಣ್ಣಿಗೆ. ಜರ್ಮನಿಯ ನಿಯಮದ ಪ್ರಕಾರ ಮಾಡಿದ ಸೈಕಲ್ ಲೈಟುಗಳಲ್ಲಿ ಕಾರಿನ ಲೋ ಬೀಮಿನ ಹಾಗೆ ಬೆಳಕಿನ ಮೇಲಂಚು ಕತ್ತರಿಸಿದಂತಿರುತ್ತದೆ. ಅಂಥದ್ದು ಸಿಗದಿದ್ದರೆ ಇರೋ ಲೈಟನ್ನೇ ನೆಲದ ಕಡೆ ಬಾಗಿಸಿ. ಎದುರಿಗೆ ಬರುವ ಅಜ್ಜನಿಗೆ ಕಣ್ಣು ಕೋರೈಸಿ ಆತ ಗುಂಡಿಗಿಳಿದರೆ ನಮ್ಮ ಸೇಫ್ಟಿಗೆ ಏನು ಅರ್ಥ?

ಅಪ್ಪಂದಿರ ಕಾಲದ ಡೈನಮೊ ಟೈರಿಗೆ ಉಜ್ಜಿಕೊಂಡು ತುಳಿಯುವವರೆಗೂ ಉರಿಯುತ್ತಿತ್ತು, ಸೈಕಲ್ ನಿಂತರೆ ಆರುತ್ತಿತ್ತು. ನಮ್ಮ ಎಲ್‌ಇಡಿ ನಿಂತಾಗಲೂ ಉರಿಯುತ್ತದೆ, ಚಾರ್ಜ್ ಇದ್ದರೆ! ಫೋನಿಗೆ ಹಾಕುವಾಗ ಲೈಟಿಗೂ ಹಾಕಿ. ಫುಲ್ ಬ್ರೈಟ್ ಪೂರ್ತಿ ಕತ್ತಲಿಗೆ ಸಾಕು. ಬೀದಿದೀಪದ ಕೆಳಗೆ ಲೋ ಮೋಡ್.

ಹಿಂದಿನ ಲೈಟಿನದ್ದು ಒಂದು ತಮಾಷೆ ಇದೆ: ಅದು ಉರಿಯುತ್ತಿದೆಯೋ ಆರಿದೆಯೋ ತುಳಿಯುವವನಿಗೆ ತಿಳಿಯೋದಿಲ್ಲ. ಅದಕ್ಕೇ ಗೇಟು ದಾಟುವಾಗ ನಮ್ಮಲ್ಲಿ ಹಿಂದಿರುವವನು ಮುಂದಿನವನಿಗೆ "ಇದೆ" ಅಂತ ಕೂಗಬೇಕು. ಕೂಗು ಬರದಿದ್ದರೆ ಐದೂ ಸೈಕಲ್ ನಿಲ್ಲುತ್ತವೆ. ಕೊನೆಯವನದ್ದನ್ನು ನೋಡೋಕೆ ಯಾರೂ ಇರಲ್ಲ ನೋಡಿ, ಅವನದ್ದನ್ನು ಗೇಟಿನ ಸೆಕ್ಯುರಿಟಿ ಅಣ್ಣ ಕೂಗುತ್ತಾರೆ.