ಮಂಗಳವಾರದ ಚೀಟಿ

"ಮಂಗಳವಾರ ಯಾರಾದ್ರೂ ಆಸ್ಪತ್ರೆಗೆ ಹೊರಡ್ತಾರೇನೋ?" ಎಂದು ಅವ್ವ ಬಸ್ಸಿನಲ್ಲಿ ಎರಡು ಸಲ ಕೇಳಿಯಾಗಿದೆ. ಈಗ ತಾಲ್ಲೂಕು ಆಸ್ಪತ್ರೆಯ ಸಿಮೆಂಟು ಬೆಂಚಿನ ತುದಿಯಲ್ಲಿ ನಿಮ್ಮ ಪಕ್ಕ ಕೂತಿದ್ದಾಳೆ. ನಿಮ್ಮ ಕೈಯಲ್ಲಿ ಚೀಟಿ, ತೊಡೆಯ ಮೇಲೆ ಬಟ್ಟೆ ಅಂಗಡಿಯ ಕವರು. ಕವರಿನೊಳಗೆ ಎಂಟು ತಿಂಗಳ ಓಡಾಟ: ಎರಡು ಇಸಿಜಿ, ಹೊಟ್ಟೆಯ ಸ್ಕ್ಯಾನಿಂಗು, ಬೆನ್ನಿನ ಎಕ್ಸ್‌ರೇ. ಎಲ್ಲದರಲ್ಲೂ ‘ನಾರ್ಮಲ್’. ಆ ಮಾತು ಕೇಳಿದಾಗಲೆಲ್ಲ ನೀವು ಹಗುರಾದಿರಿ, ಅವ್ವ ಇನ್ನಷ್ಟು ಕುಗ್ಗಿದಳು. ಉರಿ ಹಾಗೇ ಇತ್ತಲ್ಲ. ಅಂಗಾಲಿನಿಂದ ಎದ್ದು ಎದೆ ಹಾದು ನೆತ್ತಿಗೇರುವ ಉರಿ.

ಮಂಗಳವಾರವೇ ಬರಬೇಕಿತ್ತು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಅದು. ಅವ್ವನಿಗೆ ನೀವು ಹೇಳಿರುವುದು ‘ನರದ ಡಾಕ್ಟ್ರು’ ಅಂತ. ನಮ್ಮ ಕಡೆ ‘ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ’ ಅನ್ನುವುದು ಬೈಗುಳ. ಅದೇ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು, ಇಂಥ ಚಿಕಿತ್ಸೆ ಊರ ಹತ್ತಿರವೇ ಸಿಗಬಹುದು ಎಂದು ತೋರಿಸಿದ್ದು, 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾದದ್ದು ಬೈಯುವವರಿಗೆ ಗೊತ್ತಿರುವುದಿಲ್ಲ.

ಎದುರಿನ ಬೆಂಚಿನಲ್ಲಿ ಇಪ್ಪತ್ತೆರಡರ ಹುಡುಗ. ಇದ್ದಕ್ಕಿದ್ದಂತೆ ಎದೆ ಡವಡವ, ಕೈ ಬೆವರು, ಉಸಿರು ಸಿಕ್ಕದೆ ಈಗಲೇ ಸತ್ತೆ ಅನ್ನುವ ಭಯ. ಕಾಲು ಗಂಟೆಯಲ್ಲಿ ಎಲ್ಲ ಮಾಯ. ಹಾರ್ಟಿನ ಡಾಕ್ಟರ ಹತ್ತಿರ ಮೂರು ಸಲ ಹೋಗಿಬಂದೆ ಎನ್ನುತ್ತಾನೆ. ಅಷ್ಟರಲ್ಲಿ ನಿಮ್ಮ ನಂಬರು ಕೂಗುತ್ತಾರೆ.

ಡಾಕ್ಟರಮ್ಮ ಕವರನ್ನು ಬಿಚ್ಚಿ ನೋಡಿ ಪಕ್ಕಕ್ಕಿಡುತ್ತಾರೆ. ಅವ್ವನ ರಟ್ಟೆಯ ತಾಯತ ಕಂಡರೂ ಏನೂ ಅನ್ನುವುದಿಲ್ಲ. "ಉರಿ ಎಷ್ಟು ಹೊತ್ತಿಗೆ ಜಾಸ್ತಿ, ಅಮ್ಮಾ?"

"ಬೆಳಗಿನ ಜಾವ. ಕೋಳಿ ಕೂಗೋಕೆ ಮುಂಚೇನೇ ಎಚ್ಚರ ಆಗ್ಬಿಡ್ತದೆ. ಆಮೇಲೆ ಸೂರು ನೋಡ್ಕಂಡು ಬಿದ್ದಿರ್ತೀನಿ."

ಊಟ? ಮುದ್ದೆ ಗಂಟಲಲ್ಲಿ ಇಳಿಯೋದಿಲ್ಲ. ರವಿಕೆ ಸಡಿಲ ಆಗಿದೆ. ಇದು ನಿಮಗೂ ಕಂಡಿತ್ತು, ವಯಸ್ಸು ಅಂದುಕೊಂಡಿರಿ.

"ಈ ಸಲ ಅವರೆಕಾಯಿ ಮಾಡಿದ್ರಾ?"

ಇದೇನು ಪ್ರಶ್ನೆ ಎಂದು ನೀವು ಡಾಕ್ಟರ ಮುಖ ನೋಡುತ್ತೀರಿ. ಅವ್ವ ಮಾತಾಡುವುದಿಲ್ಲ. ಆಗ ನಿಮಗೆ ಅಡುಗೆಮನೆಯ ಮೂಲೆ ನೆನಪಾಗುತ್ತದೆ. ಮಾಗಿ ಬಂದರೆ ಸೊಗಡಿನ ಕಾಯಿಯೇ ಬೇಕೆಂದು ಸಂತೆಯಲ್ಲಿ ಜಗಳವಾಡಿ, ರಾತ್ರಿಯೆಲ್ಲ ಕಾಳು ನೆನೆಹಾಕಿ, ಬೆಳಗ್ಗೆ ಅಕ್ಕಪಕ್ಕದವರನ್ನು ಕೂರಿಸಿಕೊಂಡು ಹಿತುಕುತ್ತಿದ್ದ ಹೆಂಗಸು ಇವಳು. ಈ ಸಲ ನೀವೇ ತಂದಿಟ್ಟ ಕಾಯಿ ಚೀಲದಲ್ಲೇ ಕಪ್ಪಾಗಿ, ನೀರಾಗಿ, ವಾಸನೆ ಬಂತು. ತಿಪ್ಪೆಗೆ ಸುರಿದವರೂ ನೀವೇ. ‘ನೋಡಬಾರ್ದೇನವ್ವಾ’ ಎಂದು ರೇಗಿದ್ದಿರಿ.

ಡಾಕ್ಟರು ನಿಮ್ಮ ಕಡೆ ತಿರುಗುತ್ತಾರೆ. ಇಷ್ಟದ ಕೆಲಸದಲ್ಲೂ ಮನಸ್ಸಿಲ್ಲದಿರುವುದು, ನಿದ್ದೆ, ಹಸಿವು ಕೆಡುವುದು, ಸುಸ್ತು, ಎಲ್ಲದಕ್ಕೂ ತನ್ನದೇ ತಪ್ಪು ಅನ್ನಿಸುವುದು: ಇವು ಒಟ್ಟೊಟ್ಟಿಗೆ ಬಂದು ಎರಡು ವಾರ ದಾಟಿದರೆ ತೋರಿಸಬೇಕು ಎನ್ನುತ್ತಾರೆ. ನೀವು ಎಂಟು ತಿಂಗಳು ದಾಟಿದ್ದೀರಿ. ಖಿನ್ನತೆ ಅನ್ನುವ ಪದ ಅವ್ವನ ಬಾಯಲ್ಲಿಲ್ಲ, ಇಡೀ ಬೀದಿಯಲ್ಲೇ ಇಲ್ಲ. ಅವಳಿಗೆ ಇರುವುದು ಉರಿ, ಜೋಮು, ತಲೆಭಾರ. ಅವಳು ಹೇಳುತ್ತಲೇ ಇದ್ದಳು; ನೀವು ಅದನ್ನು ಸ್ಕ್ಯಾನಿಂಗಿಗೆ ಕಳಿಸುತ್ತಲೇ ಇದ್ದಿರಿ.

ಮುಂದಿನ ಪ್ರಶ್ನೆ ನಿಮ್ಮ ಬೆನ್ನು ತಣ್ಣಗಾಗಿಸುತ್ತದೆ. "ಸಾಯ್ಬೇಕು ಅಂತ ಅನ್ಸಿದೆಯೇನಮ್ಮಾ?"

ತಡೆಯೋಣವೆನ್ನಿಸುತ್ತದೆ. ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುವುದಿಲ್ಲವೇ? ಆಗುವುದಿಲ್ಲ. ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾಳೆ. "ಮಲಗಿದೋಳು ಏಳದಿದ್ರೆ ಸಾಕಪ್ಪಾ ಅನ್ನಿಸ್ತದೆ. ನಾನಾಗಿ ಏನೂ ಮಾಡ್ಕಳಲ್ಲ ತಾಯಿ." ಹೇಳಿ ಮುಗಿಸಿ ಉದ್ದಕ್ಕೆ ಉಸಿರು ಬಿಡುತ್ತಾಳೆ. ಅಷ್ಟು ಉದ್ದದ ಉಸಿರನ್ನು ನೀವು ಎಷ್ಟೋ ತಿಂಗಳಿಂದ ಕೇಳಿಲ್ಲ.

ಆಮೇಲಿನದು ಬೇಗ ಮುಗಿಯುತ್ತದೆ. ಥೈರಾಯ್ಡ್ ಮತ್ತು ರಕ್ತಹೀನತೆಗೆ ಪರೀಕ್ಷೆ. ಅವೂ ಹೀಗೇ ಕುಗ್ಗಿಸಬಲ್ಲವು. ದಿನಕ್ಕೊಂದು ಮಾತ್ರೆ, ಇದು ನಿದ್ದೆ ಮಾತ್ರೆಯಲ್ಲ, ಚಟ ಹತ್ತುವುದಿಲ್ಲ. ಮೊದಲು ಸ್ವಲ್ಪ ಹೊಟ್ಟೆ ತೊಳಸಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಗುಣ ಕಂಡಿತೆಂದು ತಾವೇ ನಿಲ್ಲಿಸುವಂತಿಲ್ಲ. ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಆಚೆ, ಬೀಗದೊಳಗೆ ಇಡಿ ಎಂದು ನಿಮಗೆ ಮಾತ್ರ ಕೇಳುವಂತೆ ಹೇಳುತ್ತಾರೆ. ಚೀಟಿಯ ಹಿಂದೆ 14416 ಎಂದು ಬರೆದುಕೊಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

"ಇದು ನರದ ಡಾಕ್ಟ್ರಲ್ಲ, ಅಲ್ವೇನೋ?" ಮಾತ್ರೆಯ ಸಾಲಿನಲ್ಲಿ ಅವ್ವ ಕೇಳುತ್ತಾಳೆ. ನೀವು ಅಲ್ಲ ಎನ್ನುತ್ತೀರಿ. "ಗೊತ್ತಾಯ್ತು ಬಿಡು. ನರದೋರು ಅವರೆಕಾಯಿ ಕೇಳ್ತಾರಾ?"

ಬಸ್ಸಿನಲ್ಲಿ ನಿಮ್ಮದೇ ಊರಿನ ಹೆಂಗಸೊಬ್ಬಳು ಪಕ್ಕದ ಸೀಟಿಗೆ ಬರುತ್ತಾಳೆ. "ಏನಕ್ಕಾ, ಆಸ್ಪತ್ರೆಗಾ?" ಬಿಪಿ ತೋರಿಸೋಕೆ ಎಂದು ಹೇಳಲು ನೀವು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಅನ್ನುತ್ತಾಳೆ, "ಮನಸ್ಸು ಸರಿಯಿರ್ಲಿಲ್ಲ ಕಣೇ. ತೋರಿಸ್ಕಂಡು ಬಂದೆ."

ಆ ಹೆಂಗಸು ಕಿಟಕಿಯಾಚೆ ತೆಂಗಿನ ಸಾಲು ನೋಡುತ್ತಾ ಕೂರುತ್ತಾಳೆ. ಎರಡು ಸ್ಟಾಪು ದಾಟುತ್ತವೆ. ಆಮೇಲೆ ಕಂಡಕ್ಟರಿಗೂ ಕೇಳದಷ್ಟು ಮೆಲ್ಲಗೆ, "ಎಷ್ಟನೇ ರೂಮಕ್ಕಾ ಅದು?"