‘ಕಬಾಲ್’ ಮತ್ತು ‘ಕೂಟ’: ಒಳಸಂಚಿನ ಪದಗಳ ಸುತ್ತ

ಒಳಸಂಚನ್ನು ಸೂಚಿಸುವ ಇಂಗ್ಲಿಷ್ ಪದಗಳಲ್ಲಿ ‘ಕಾನ್‌ಸ್ಪಿರಸಿ’ ಎಲ್ಲರಿಗೂ ಪರಿಚಿತ. ‘ಕಬಾಲ್’ ಅಷ್ಟಾಗಿ ಬಳಕೆಯಲ್ಲಿಲ್ಲ. ಮೊದಲನೆಯದು ಕೃತ್ಯವನ್ನು ಹೇಳಿದರೆ ಎರಡನೆಯದು ಮುಖ್ಯವಾಗಿ ಕೃತ್ಯವೆಸಗುವ ಗುಂಪನ್ನು ಹೇಳುತ್ತದೆ. ಕೆಲವೇ ಮಂದಿ, ಮುಚ್ಚಿದ ಬಾಗಿಲು, ಬಾಗಿಲ ಹೊರಗಿರುವವರ ಹಣೆಬರಹ: ಈ ಮೂರೂ ಕೂಡಿದಾಗ ಮಾತ್ರ ‘ಕಬಾಲ್’ ಪದ ಸಲ್ಲುತ್ತದೆ.

ಪದದ ಮೂಲ ಹೀಬ್ರೂ ಭಾಷೆಯ ‘ಕಬ್ಬಾಲಾ’. ಪರಂಪರೆಯಿಂದ ಪಡೆದದ್ದು ಎಂಬುದು ಅದರ ಅರ್ಥ. ಯೆಹೂದಿಗಳ ಅನುಭಾವ ವಿದ್ಯೆಗೆ ಅದು ಹೆಸರಾಯಿತು. ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ಹಾದು ಇಂಗ್ಲಿಷಿಗೆ ಬರುವ ವೇಳೆಗೆ ಗೂಢವಿದ್ಯೆ ಗೂಢಾಲೋಚನೆಯಾಯಿತು. ಎರಡನೆಯ ಚಾರ್ಲ್ಸ್‌ನ ಐವರು ಮಂತ್ರಿಗಳಾದ ಕ್ಲಿಫರ್ಡ್, ಆರ್ಲಿಂಗ್ಟನ್, ಬಕಿಂಗ್‌ಹ್ಯಾಮ್, ಆಶ್ಲಿ, ಲಾಡರ್‌ಡೇಲ್ ಇವರ ಹೆಸರುಗಳ ಮೊದಲಕ್ಷರಗಳಿಂದ ಈ ಪದ ಹುಟ್ಟಿತೆಂಬ ಕಥೆ ಪ್ರಚಾರದಲ್ಲಿದೆ. ಅದು ಸರಿಯಲ್ಲ, ಅವರಿಗಿಂತ ಹಿಂದೆಯೇ ಪದ ಬಳಕೆಯಲ್ಲಿತ್ತು. ಅಕ್ಷರಗಳು ಕಾಕತಾಳೀಯವಾಗಿ ಹೊಂದಿಕೊಂಡವು, ಅಷ್ಟೆ. ಸ್ವಾರಸ್ಯವೆಂದರೆ, 1670ರ ಡೋವರ್ ರಹಸ್ಯ ಒಪ್ಪಂದದ ಒಳಗುಟ್ಟು ಆ ಐವರಲ್ಲಿ ಕ್ಲಿಫರ್ಡ್ ಮತ್ತು ಆರ್ಲಿಂಗ್ಟನ್‌ಗೆ ಮಾತ್ರ ತಿಳಿದಿತ್ತು. ಕೂಟದೊಳಗೂ ಒಂದು ಕೂಟವಿತ್ತು.

ಒಳ್ಳೆಯ ಅರ್ಥದ ಪದ ಹೀಗೆ ಇಳಿಮುಖವಾಗುವುದು ಕನ್ನಡಕ್ಕೂ ಹೊಸದಲ್ಲ. ‘ಮಸಲತ್ತು’ ಪದದ ಅರಬ್ಬೀ ಮೂಲದಲ್ಲಿರುವುದು ಹಿತ, ಕ್ಷೇಮ ಎಂಬ ಅರ್ಥ; ಕನ್ನಡದಲ್ಲಿ ಅದು ಕೇಡಿನ ಆಲೋಚನೆ. ಸಂಸ್ಕೃತದ ‘ಸತ್ಯಂಕಾರ’ವು ‘ಸಂಚಕಾರ’ವಾಗಿ, ವ್ಯಾಪಾರ ಖಾತರಿಗೆ ಕೊಡುವ ಮುಂಗಡ ಹಣವೆಂಬ ಅರ್ಥದಲ್ಲಿ ನಿಂತಿತ್ತು. ಇಂದು ‘ಪ್ರಾಣಕ್ಕೆ ಸಂಚಕಾರ’ ಎಂದರೆ ಅಪಾಯ. ನಂಬಿಕೆಯ ಪದ ಭಯದ ಪದವಾಗಿದೆ.

‘ಕಬಾಲ್’ಗೆ ಸಮೀಪದ ಕನ್ನಡ ಪದ ಯಾವುದು? ಪಿತೂರಿ, ಒಳಸಂಚು, ಷಡ್ಯಂತ್ರ, ಕುತಂತ್ರ ಇವೆಲ್ಲ ಕೃತ್ಯವಾಚಕಗಳು, ಗುಂಪನ್ನು ಹೇಳುವುದಿಲ್ಲ. ‘ಕೂಟ’ ಹಾಗಲ್ಲ. ‘ಕೂಡು’ ಧಾತುವಿನಿಂದ ಬಂದ ಕನ್ನಡದ ‘ಕೂಟ’ವೆಂದರೆ ಸೇರಿದವರ ಗುಂಪು, ಸಂಸ್ಕೃತದ ‘ಕೂಟ’ಕ್ಕೆ ಕಪಟವೆಂಬ ಅರ್ಥವುಂಟು. ಕೂಟಸಾಕ್ಷಿ ಎಂದರೆ ಸುಳ್ಳು ಸಾಕ್ಷಿ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದೆ. ಸುಳ್ಳು ಬರಹವನ್ನು ಸೃಷ್ಟಿಸುವುದು ಅದರ ತಾತ್ಪರ್ಯ. ಬೇರೆ ಬೇರೆ ಮೂಲದ ಎರಡು ಪದಗಳು ಕನ್ನಡದಲ್ಲಿ ಒಂದೇ ರೂಪ ತಾಳಿ ಗುಂಪು ಮತ್ತು ಕಪಟಗಳೆರಡನ್ನೂ ಒಳಗೊಂಡಿವೆ. ‘ಸಂಚುಕೂಟ’ ಎಂದರೆ ‘ಕಬಾಲ್’ನ ಭಾವ ಬಹುಮಟ್ಟಿಗೆ ಬರುತ್ತದೆ.

ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗು ಜೀವನಾಧಾರ. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಉಂಡೆ ಕೊಬ್ಬರಿ ಮಾಡಿ, ರೈತ ತಿಪಟೂರಿನ ಮಾರುಕಟ್ಟೆಗೆ ತರುತ್ತಾನೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಅಂಥ ದಿನಗಳಲ್ಲಿ ‘ರಿಂಗ್ ಆಗಿದ್ದಾರೆ’ ಎಂಬ ಮಾತು ಹುಟ್ಟುವುದು ಸಹಜ. ಹರಾಜಿನ ಕಟ್ಟೆಗಳಲ್ಲಿ ಕೇಳಿಬರುವ ಈ ‘ರಿಂಗ್’ ‘ಕಬಾಲ್’ನ ನೇರ ಬಂಧು. ಕಾನೂನಿನ ಭಾಷೆಯಲ್ಲಿ ಅದು ‘ಕಾರ್ಟೆಲ್’. 2002ರ ಸ್ಪರ್ಧಾ ಕಾಯಿದೆ ಅದನ್ನು ನಿಷೇಧಿಸಿದೆ.

ಗುಟ್ಟೆಲ್ಲವೂ ಸಂಚಲ್ಲ ಎಂಬುದನ್ನೂ ಈ ನಾಡಿನ ವ್ಯವಹಾರವೇ ಕಲಿಸುತ್ತದೆ. ದನದ ಜಾತ್ರೆಗಳಲ್ಲಿ ಟವಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವ ವಾಡಿಕೆಯಿದೆ. ನೋಡುವವರಿಗೆ ಬೆಲೆ ಕಾಣುವುದಿಲ್ಲ. ಆದರೆ ಮಾರುವವನ ಕೈಯೂ ಕೊಳ್ಳುವವನ ಕೈಯೂ ಆ ಬಟ್ಟೆಯ ಕೆಳಗೇ ಇರುತ್ತವೆ. ಸಂಚುಕೂಟದಲ್ಲಿ ಯಾರ ಸರಕಿಗೆ ಬೆಲೆ ಕಟ್ಟಲಾಗುತ್ತಿದೆಯೋ ಅವನ ಕೈ ಮಾತ್ರ ಹೊರಗಿರುತ್ತದೆ. ರಹಸ್ಯಕ್ಕೂ ಸಂಚಿಗೂ ಇರುವ ಭೇದವಿದು.

ಬೇಡಿಕೆ ಕುಸಿದರೂ ಧಾರಣೆ ಇಳಿಯುತ್ತದೆ; ಕೂಟ ಕಟ್ಟಿದರೂ ಇಳಿಯುತ್ತದೆ. ನಷ್ಟ ಎರಡರಲ್ಲೂ ಬೆಳೆದವನಿಗೇ, ಪರಿಹಾರ ಮಾತ್ರ ಬೇರೆ ಬೇರೆ. ಮೊದಲನೆಯದಕ್ಕೆ ಸರ್ಕಾರದ ಖರೀದಿ ಬೇಕು, ಎರಡನೆಯದಕ್ಕೆ ವಿಚಾರಣೆ ಬೇಕು. ಪುರಾವೆಯಿಲ್ಲದೆ ‘ಪಿತೂರಿ’ ಎಂದರೆ ನಿರಪರಾಧಿ ವರ್ತಕನಿಗೆ ಅನ್ಯಾಯ. ಪುರಾವೆಯಿದ್ದೂ ‘ಮಾರುಕಟ್ಟೆಯ ಏರಿಳಿತ’ ಎಂದು ಸುಮ್ಮನಾದರೆ ರೈತನಿಗೆ ಅನ್ಯಾಯ. ಅರ್ಥವ್ಯತ್ಯಾಸವನ್ನು ಅರಿತು ಪದವನ್ನು ಬಳಸುವ ಎಚ್ಚರ ಭಾಷಾಭ್ಯಾಸಿಗೆ ಎಷ್ಟು ಅಗತ್ಯವೋ, ಕೊಬ್ಬರಿ ಚೀಲದ ಪಕ್ಕ ನಿಂತವನಿಗೂ ಅಷ್ಟೇ ಅಗತ್ಯ.